ಮೊಣಕಾಲೆತ್ತರದ ಗಂಟು

"ಕುರ್ಚಿಯಾ?"

ಆರುಮುಗಂ ಸಾರಿಗದ್ದಿದ ಮುದ್ದೆಯ ತುತ್ತನ್ನು ಬಾಯಿಯ ಹತ್ತಿರ ತಂದವನು ಅಲ್ಲೇ ತಡೆದು ಸೊಸೆಯ ಮುಖ ನೋಡಿದ.

"ಈ ಬೀದೀಲಿ ಕುರ್ಚಿ ಇರೋದು ಒಂದೇ ಮನೇಲಿ ರಾಜಾತಿ, ಮೊದಲಾಳಿ ಮನೇಲಿ. ಅದು ಬಿಟ್ರೆ ಪೊಲೀಸ್ ಟೇಸನ್ನಾಗೆ."

"ಇನ್ನೊಂದು ನಮ್ಮನೇಲಿ ಇರ್ಲಿ ಮಾವ."

"ಯಾರು ಕೂರೋಕೆ? ಕಲೆಕ್ಟರ್ ದೊರೆ ಬತ್ತಾನಾ ಉಣ್ಣೋಕೆ?"

"ಅತ್ತೆ ಕೂರೋಕೆ."

ಮಗ ಪಳನಿಯಪ್ಪನ್ ನಕ್ಕುಬಿಟ್ಟ. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಆ ನಗು ಹುರುಳಿಸಾರಿನ ಜೊತೆಗೇ ಗಂಟಲಿಗಿಳಿಯಿತು. ಒಳಕೋಣೆಯ ಕತ್ತಲಿಂದ ರಂಗನಾಯಕಿಯ ದನಿ ಬಂತು: "ನಂಗೇನೂ ಬ್ಯಾಡ ಕಣವ್ವ. ಅವರ್ನ ಉಣ್ಣೋಕೆ ಬುಡು."

ರಂಗನಾಯಕಿ ಆರುಮುಗಂನ ಹೆಂಡತಿ. ಬೇಸಗೆಯಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಿದ್ದಳು. ಸೊಂಟವೇನೋ ಕೂಡಿಕೊಂಡಿತು. ಮೊಣಕಾಲು ಮಾತ್ರ ಅರ್ಧ ಮಡಚಿದರೆ ಅದರಾಚೆ ಮಡಚದಾಯಿತು. ಸೇಲಂ ಪೇಟೆಯ ಆ ದೇವಾಂಗರ ಬೀದಿಯಲ್ಲಿ ಉಣ್ಣುವುದು ನೆಲದ ಮೇಲೆ, ನೂಲು ಸುತ್ತುವುದು ನೆಲದ ಮೇಲೆ, ಹೆರುವುದು ಸಾಯುವುದು ಎಲ್ಲ ನೆಲದ ಮೇಲೆ. ಇಂಥ ನೆಲದ ಬದುಕಿನಲ್ಲಿ ಮೊಣಕಾಲು ಪೂರ್ತಿ ಮಡಚದವಳಿಗೆ ಇರುವುದು ಎರಡೇ ಸ್ಥಿತಿ, ನಿಲ್ಲುವುದು ಇಲ್ಲವೇ ಮಲಗುವುದು. ನಿಂತರೆ ಎಷ್ಟು ಹೊತ್ತು ನಿಂತಾಳು? ಜಗಲಿಯ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ ನೋಡಿದ್ದರು. ಬೆನ್ನಿಗೆ ಆಸರೆಯಿಲ್ಲದೆ ಪಕ್ಕಕ್ಕೆ ವಾಲಿದಳು. ಜೊತೆಗೆ ಬೀದಿಗೆ ಕಾಲು ಚಾಚಿದ ಹೆಂಗಸು ಎಂದು ಹೋಗಿಬರುವವರು ಆಡಿಕೊಂಡರು. ಅಲ್ಲಿಂದ ಒಳಕೋಣೆಯೇ ಗತಿಯಾಯಿತು. ಬೆಳಗ್ಗೆ ಎಬ್ಬಿಸಲು ಇಬ್ಬರು ಬೇಕು, ಒಬ್ಬ ಗಂಡ, ಒಬ್ಬಳು ಸೊಸೆ. ಎಬ್ಬಿಸುವಾಗ ಅವಳು ನರಳುತ್ತಿರಲಿಲ್ಲ. "ಕ್ಷಮ್ಸಿ, ಕ್ಷಮ್ಸಿ" ಅನ್ನುತ್ತಿದ್ದಳು. ರಾಜಾತಿಗೆ ತಡೆಯಲಾಗದೆ ಹೋದದ್ದು ಅದು.

"ಮೊದಲಾಳಿ ಬಂದ್ರೆ?" ಆರುಮುಗಂ ಕೊನೆಗೆ ತನ್ನ ನಿಜವಾದ ಭಯ ಹೊರಹಾಕಿದ.

ನೂಲು ಕೊಟ್ಟು ಕೂಲಿಗೆ ನೇಯಿಸುವ ಮೊದಲಾಳಿ ಕುಪ್ಪುಸ್ವಾಮಿ. ಅದೇ ಜಾತಿಯವನು, ಅದೇ ಕುಲದೇವತೆ ಚೌಡಮ್ಮನ ಒಕ್ಕಲು. ಆದರೆ ಅವನು ಮಗ್ಗ ನೋಡಲು ಬಂದಾಗ ಮನೆಯಲ್ಲಿರುವುದರಲ್ಲಿ ಎತ್ತರದ ಜಾಗ ಅವನಿಗೆ, ಮನೆಯವರೆಲ್ಲ ಎದ್ದು ನಿಲ್ಲಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟವನ ಕಟ್ಟಳೆಗೆ ಬರಹ ಯಾಕೆ ಬೇಕು?

"ಬಂದ್ರೆ ಬರ್ಲಿ. ಅತ್ತೆ ಕತ್ತಲಾಗೆ ಕೊಳೀತಾವ್ರೆ ಮಾವ. ಮೊದಲಾಳಿ ಬರೋದು ಯಾವಾಗ್ಲೋ, ಅತ್ತೆ ಇರೋದು ದಿನಾ."

ಆರುಮುಗಂ ತುತ್ತು ನುಂಗಿದ. ಅದು ತಣ್ಣಗಾಗಿತ್ತು.

*

ರಾಜಾತಿಯ ತಮ್ಮ ಎಲ್ಲಪ್ಪ ಮೆಟ್ಟೂರಿನಲ್ಲಿ ಅಣೆಕಟ್ಟೆಯ ಕ್ಯಾಂಪಿನಲ್ಲಿ ತೋಟದ ಕೆಲಸಕ್ಕಿದ್ದ. ಅಣೆಕಟ್ಟೆ ಮುಗಿದಿತ್ತು. ಇಂಜಿನಿಯರು ದೊರೆಗಳು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು, ಅವರ ಬಂಗಲೆಗಳ ವರಾಂಡದ ಬೆತ್ತದ ಸಾಮಾನು ಅಗ್ಗಕ್ಕೆ ಹೋಗುತ್ತಿದೆ ಎಂದು ಅವನೇ ಹೇಳಿಕಳಿಸಿದ್ದು. ರಾಜಾತಿ ತನ್ನ ಮೇಕೆ ಮಾರಿದಳು. ಹೊಸದೇನೂ ಕೊಳ್ಳದ ಆಡಿ ತಿಂಗಳು ಕಳೆದ ಮೇಲೆ ಮಾವನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು. ಹೊರಡುವ ಮುಂಚೆ ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಮೊಣಕಾಲ ಸಂದಿನವರೆಗೆ ಒಂದು ನೂಲೆಳೆ ಹಿಡಿದು, ಅಲ್ಲಿಗೆ ಗಂಟು ಹಾಕಿದಳು. ಎಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಯಾಕವ್ವ ಅದು?" ಅಂದಳು ರಂಗನಾಯಕಿ.

"ನಿಮ್ ಕಾಲನ್ನ ಮೆಟ್ಟೂರ್ಗೆ ಕರ್ಕೊಂಡ್ ಓಗ್ತಾ ಇವ್ನಿ ಅತ್ತೆ."

ಕ್ಯಾಂಪಿನ ಗೋದಾಮಿನ ಅಂಗಳದಲ್ಲಿ ಕುರ್ಚಿಗಳು ಒಂದರ ಮೇಲೊಂದು ಕಾಲೆತ್ತಿ ಬಿದ್ದಿದ್ದವು. ಆರುಮುಗಂ ಬಟ್ಟೆ ನೋಡುವವನಂತೆ ನೋಡತೊಡಗಿದ. ಹೆಣಿಗೆಯನ್ನು ಹೆಬ್ಬೆರಳಿನಿಂದ ಉಜ್ಜಿದ, ಬೆಳಕಿಗೆ ಹಿಡಿದು ಕಣ್ಣುಗಳ ಸಮ ನೋಡಿದ, ಮೂಸಿಯೂ ನೋಡಿದ. ಒಂದು ಉದ್ದ ಕೈಗಳ ಆರಾಮ ಕುರ್ಚಿಯ ಮುಂದೆ ಅವನ ಮುಖ ಅರಳಿತು.

"ಇದು ನೋಡು. ಪಟ್ಟೆ ಸೀರೆ ಸೆರಗಿದ್ದಂಗೈತೆ ಹೆಣಿಗೆ. ಒಂದು ಎಳೆ ತಪ್ಪಿಲ್ಲ. ಇದೇ ಇರ್ಲಿ."

ರಾಜಾತಿ ನೂಲೆಳೆ ಬಿಚ್ಚಿ ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟಳು. ಗಂಟು ಕೂರುವ ಜಾಗಕ್ಕಿಂತ ಗೇಣುದ್ದ ಮೇಲೆ ನಿಂತಿತು.

"ತಗ್ಗು ಮಾವ. ಇದ್ರಾಗೆ ಅತ್ತೆ ಕೂತ್ರೆ ಎಬ್ಬಿಸೋಕೆ ರೈಲೆಂಜಿನ್ ತರ್ಬೇಕು."

"ಅದ್ರಾಗೆ ದೊರೆಗಳು ಕಾಲು ಮ್ಯಾಲಿಟ್ಕಂಡು ಮಲಗೋರಕ್ಕ," ಎಂದ ಎಲ್ಲಪ್ಪ. "ಕೂರೋಕಲ್ಲ ಅದು."

ಇನ್ನೊಂದಕ್ಕೆ ಬೆಳ್ಳಗೆ ಬಣ್ಣ ಬಳಿದಿತ್ತು. ನೋಡಲು ಮದುವಣಗಿತ್ತಿ. ರಾಜಾತಿ ಉಗುರಿನಿಂದ ಬಣ್ಣ ಕೆರೆದಳು. ಒಳಗೆ ಬೆತ್ತ ಒಣಗಿ ಸೀಳಿತ್ತು. ಅದನ್ನೂ ಬಿಟ್ಟಳು. ಮೂಲೆಯಲ್ಲಿ ಹಳೆಯ ಜೇನಿನ ಬಣ್ಣದ ಒಂದು ಸಾದಾ ಕುರ್ಚಿ ಇತ್ತು. ನೆಟ್ಟಗಿನ ಬೆನ್ನು, ಮುಂದಕ್ಕೆ ಬಂದ ಗಟ್ಟಿ ಕೈಗಳು. ಕಾಲು ಕೂಡುವಲ್ಲಿ ಮೊಳೆಯ ಜೊತೆ ಬೆತ್ತದ ಸುತ್ತೂ ಬಿಗಿಯಾಗಿತ್ತು. ನೂಲಿನ ಗಂಟು ಕೂರುವ ಅಂಚಿಗೆ ಸರಿಯಾಗಿ ಬಂದು ಮುಟ್ಟಿತು. ರಾಜಾತಿ ಎರಡೂ ಕೈ ಊರಿ ತನ್ನ ಭಾರವೆಲ್ಲ ಹಾಕಿದಳು. ಕುರ್ಚಿ ಕಿರ್ ಅನ್ನಲಿಲ್ಲ. ಕೂರುವ ಜಾಗ ಮಾತ್ರ ಒಂಚೂರು ಜೋತಿತ್ತು.

"ನೇಯ್ಗೆ ದಪ್ಪ," ಆರುಮುಗಂ ಮೂಗು ಮುರಿದ.

"ಮೊಣಕಾಲಿಗೆ ನೇಯ್ಗೆ ಕಾಣಲ್ಲ ಮಾವ."

ಎಲ್ಲಪ್ಪ ನಕ್ಕ. ತನ್ನ ಹೆಗಲ ಬಟ್ಟೆಯಿಂದ ಕುರ್ಚಿಯ ಧೂಳು ಕೊಡವಿದ. "ಇದನ್ನ ದಿನಾ ಒರಿಸ್ತಿದ್ದೋನು ನಾನೆ ಅಕ್ಕ. ಇದ್ರ ಒಂದೊಂದು ಕಣ್ಣೂ ಗೊತ್ತು."

"ಕೂತಿದೀಯಾ?"

"ಎಲ್ಲಾದ್ರೂ ಉಂಟಾ!"

"ಈಗ ಕೂತ್ಕ. ಕಾಸು ಕೊಟ್ಟಾಯ್ತು, ನಮ್ದೇ."

ಎಲ್ಲಪ್ಪ ಖಾಲಿ ಬಂಗಲೆಗಳ ಕಡೆ ಒಮ್ಮೆ ನೋಡಿದ. ದೊರೆ ಹಡಗು ಹತ್ತಿ ಹೋಗಿದ್ದ. ಆದರೂ ಎಲ್ಲಪ್ಪ ಕೂರಲಿಲ್ಲ. "ಬ್ಯಾಡ ಬುಡಕ್ಕ. ಬಸ್ಸಿಗೆ ಹೊತ್ತಾಯ್ತದೆ," ಅಂದ.

ಕುರ್ಚಿ ಬಸ್ಸಿನ ನೆತ್ತಿಯ ಮೇಲೆ ಸೇಲಂಗೆ ಬಂತು. ಬೇಡವೆಂದು ಜಗಳಾಡಿದ್ದ ಆರುಮುಗಂ, ಬಸ್ಸು ನಿಂತಲ್ಲೆಲ್ಲ ಇಳಿದು ಕತ್ತೆತ್ತಿ ಅದು ಇದೆಯೋ ಇಲ್ಲವೋ ನೋಡಿ ಹತ್ತಿದ.

*

ತಂದ ಕುರ್ಚಿಯಲ್ಲಿ ರಂಗನಾಯಕಿ ಕೂರಲೊಲ್ಲಳು.

"ನೀವು ನೆಲದ್ ಮ್ಯಾಲೆ, ನಾನು ಅದ್ರ ಮ್ಯಾಲೆ? ಗಂಡನ್ಗಿಂತ ಎತ್ತರ ಕೂತ ಪಾಪ ನಂಗ್ಯಾಕೆ? ಮೊದ್ಲು ನೀವು ಕೂತ್ಕಳಿ."

"ನಂಗ್ಯಾಕೆ ಬೇಕು? ನನ್ ಕಾಲು ಮಡಚ್ತದೆ."

"ಅಂಗಾರೆ ಮಡಿಚಿಟ್ಬುಡಿ ಕುರ್ಚೀನೂ ಮೂಲೇಲಿ."

ರಾಜಾತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾವನ ಮುಖವನ್ನೇ ನೋಡುತ್ತಿದ್ದಳು. ಆರುಮುಗಂ ತಲೆ ಕೆರೆದುಕೊಂಡ. ಮಗ್ಗದ ಗುಂಡಿಯ ಕಡೆ ಕೈ ತೋರಿಸಿದ.

"ಲೇ ರಂಗಿ, ಅಲ್ನೋಡು. ಆಯಸ್ಸೆಲ್ಲ ಆ ಗುಂಡಿಯಾಗೆ ಅರ್ಧ ಮೈ ಹೂತ್ಕಂಡು ಕೂತೋನು ನಾನು. ನೀನು ಪಕ್ಕದಾಗೆ ರಾಟೆ ತಿರುಗಿಸ್ತಿದ್ದೆ. ನಾನು ಯಾವತ್ತೇ ನಿನಗಿಂತ ಮೇಲೆ ಕೂತಿದ್ದು?"

ರಂಗನಾಯಕಿ ಯೋಚಿಸಿದಳು. ಯೋಚಿಸಿದಷ್ಟೂ ಅದು ನಿಜ ಅನ್ನಿಸಿತು. ನಕ್ಕುಬಿಟ್ಟಳು.

ಇಬ್ಬರೂ ಸೇರಿ ಅವಳನ್ನು ಜಗಲಿಗೆ ನಡೆಸಿ ತಂದು ಕೂರಿಸಿದರು. ಬೆನ್ನಿಗೆ ಆಸರೆ, ಕೈಗೆ ಆಸರೆ, ಪಾದ ನೆಲಕ್ಕೆ. ಅವಳು ಕಣ್ಣು ಕಿರಿದು ಮಾಡಿ ಬೀದಿ ನೋಡಿದಳು. ಬೀದಿಯುದ್ದಕ್ಕೂ ಕಟ್ಟಿದ ಹಾಸುನೂಲಿಗೆ ಗಂಡಸರು ಗಂಜಿ ಬಳಿಯುತ್ತಿದ್ದರು. ಎದುರುಮನೆಯ ಲಕ್ಷ್ಮಕ್ಕ ಹೊಸಿಲಲ್ಲಿ ಮೊಮ್ಮಗಳನ್ನು ನಡೆಸುತ್ತಿದ್ದಳು.

"ಏ ಲಕ್ಷ್ಮಕ್ಕ! ಕೂಸು ಆಗ್ಲೇ ನಡೀತದಾ?"

"ನೀ ಒಳಗೋದಾಗ ಅಂಬೆಗಾಲು ಕಣೇ. ಏನೇ ಇದು, ಕುರ್ಚಿ ಮ್ಯಾಲೆ? ರಾಣಿಯಮ್ಮಂಗೆ ಪಟ್ಟ ಕಟ್ಟುದ್ರಾ?"

"ಊಂ. ಬಾ, ಕಪ್ಪ ಒಪ್ಸು."

ಆರುಮುಗಂ ಒಳಗೆ ಹೋಗಿ ಮಗ್ಗಕ್ಕಿಳಿದ. ಅವತ್ತು ಲಾಳಿ ಹಗುರವಾಗಿ ಓಡಿತು. ಮಾರನೇ ದಿನ ಅವನು ಒಂದು ಹಳೆಯ ಮರದ ಪೆಟ್ಟಿಗೆಯನ್ನು ಜಗಲಿಗೆ ತಂದು, ಅದರ ಮೇಲೆ ಅವಳ ರಾಟೆ ಇಟ್ಟ. ಕೂತಲ್ಲಿಂದಲೇ ಕೈಗೆ ಸಿಗುವಷ್ಟು ಎತ್ತರ. ರಂಗನಾಯಕಿ ರಾಟೆಯ ಹಿಡಿಯನ್ನು ಕೂಸಿನ ಕೆನ್ನೆ ಸವರುವಂತೆ ಸವರಿದಳು.

*

ಇಲ್ಲಿಂದ ಆರುಮುಗಂಗೆ ಕುರ್ಚಿಯ ಹುಚ್ಚು ಹತ್ತಿತು. ಬಿಸಿಲು ಬಿದ್ದರೆ ಸರಿಸುವುದು, ಕಾಗೆ ಕೂತರೆ ಓಡಿಸುವುದು. ಬೀದಿಯವರು ನೋಡಲು ಬಂದರೆ ತಾನೇ ಆರಿಸಿದ್ದೆಂದು ಹೇಳಿಕೊಂಡ. ರಾಜಾತಿ ಕೇಳಿಸಿಕೊಂಡು ಒಳಗೇ ನಕ್ಕಳು. ಆದರೆ ಕೂರುವ ಜಾಗ ದಿನದಿನಕ್ಕೆ ಇನ್ನಷ್ಟು ಜೋಲತೊಡಗಿದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಜೋತ ನೂಲಿಗೆ ನೇಕಾರ ಏನು ಮಾಡುತ್ತಾನೆ? ಗಂಜಿ ಹಾಕುತ್ತಾನೆ. ಆ ಮನೆಯ ಗಂಜಿಗೆ ಯಾವತ್ತೂ ಎರಡು ಬಾಯಿ. ಒಂದು ಮನೆಯವರದು, ಇನ್ನೊಂದು ನೂಲಿನದು. ಕೆಲವು ದಿನ ನೂಲಿಗೇ ಹೆಚ್ಚು ಸಿಗುತ್ತಿತ್ತು. ಒಂದು ಬೆಳಗ್ಗೆ ಹಾಸುನೂಲಿಗೆ ಬಳಿದು ಮಿಕ್ಕ ಗಂಜಿಯನ್ನು ಆರುಮುಗಂ ಅದೇ ಕುಂಚದಲ್ಲಿ ಕುರ್ಚಿಗೂ ಬಳಿದ. ಮೇಲೆ, ಕೆಳಗೆ, ಸಂದಿಗೊಂದಿಗೆ. ಬಿಸಿಲಿಗೆ ಒಣಗಿದಾಗ ಬೆತ್ತ ಬಿಗಿದು ನಿಂತಿತು, ಹೊಸ ಸೀರೆಯಂತೆ ಹೊಳೆಯಿತು.

"ನೋಡ್ದಾ? ಕೈಗುಣ," ಅಂದ ಸೊಸೆಗೆ. ರಾಜಾತಿಯೂ ಮೆಚ್ಚಿದಳು. ನೇಕಾರರ ಮನೆಯಲ್ಲಿ ಗಂಜಿಯನ್ನು ಅನುಮಾನಿಸುವವರು ಯಾರು?

ಪುರಟ್ಟಾಸಿ ತಿಂಗಳ ಮಳೆ ಹಿಡಿಯಿತು. ಕುರ್ಚಿ ಮೊದಲು ಅಂಟಂಟಾಯಿತು, ರಂಗನಾಯಕಿ ಏಳುವಾಗ ಸೀರೆ ಜೊತೆಗೇ ಎದ್ದುಬರುತ್ತಿತ್ತು. ಆಮೇಲೆ ಬೂದಿಬಣ್ಣದ ಬೂಷ್ಟು. ಆಮೇಲೆ ಇರುವೆ. ಕೊನೆಗೊಂದು ಬೆಳಗ್ಗೆ ನೋಡಿದರೆ ಕೂರುವ ಜಾಗದಲ್ಲಿ ಬೊಗಸೆಯಗಲದ ತೂತು. ಇಲಿ ಗಂಜಿಯ ಜೊತೆ ಬೆತ್ತವನ್ನೂ ತಿಂದಿತ್ತು.

ರಂಗನಾಯಕಿ ಮತ್ತೆ ಒಳಕೋಣೆಗೆ ಹೋದಳು.

ರಾಜಾತಿಯ ಕೋಪ ಮುಸುರೆ ಪಾತ್ರೆಗಳ ಮೇಲೆ ಬಿತ್ತು. "ಯಾರ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ ಮಾವ? ಮನುಷ್ಯರಿಗೆ ಕುಡಿಯೋಕಿಲ್ಲದ ಗಂಜಿ ಕುರ್ಚೀಗೆ!"

"ನೀನೂ ಸಂದಾಕೈತೆ ಅಂದ್ಯಲ್ಲೇ," ಪಳನಿಯಪ್ಪನ್ ಅಪ್ಪನ ಪರ ವಹಿಸಿದ.

"ನಾನಂದ್ರೆ? ನನ್ ಮೇಕೆ ಓಯ್ತು, ಕುರ್ಚೀನೂ ಓಯ್ತು. ಅತ್ತೆ ಮತ್ತೆ ಗೋಡೆ ನೋಡ್ಕಂಡು ಬಿದ್ಕಂಡವ್ರೆ!"

ಆರುಮುಗಂ ಉಣ್ಣದೆ ಎದ್ದ. ಒಳಕೋಣೆಗೆ ಹೋಗಿ ಹೆಂಡತಿಯ ಚಾಪೆಯ ಪಕ್ಕ ಕೂತ.

"ಕೊರಗ್ಬ್ಯಾಡಿ," ಅಂದಳು ಅವಳೇ. "ನಿಮ್ಗೆ ಗೊತ್ತಿರೋ ಉಪಚಾರ ಅದೊಂದೆ. ಮದ್ವೆ ಸೀರೇಗೂ ಅಂಗೇ ಗಂಜಿ ಬಳ್ದಿದ್ರಿ. ನಂಗೆ ಹಸೆಮಣೆ ಮ್ಯಾಲೆ ಬೆನ್ನು ಬಗ್ಸೋಕಾಗ್ದೆ, ಹೆಣ್ಣು ಬಲು ಗತ್ತು ಅಂದ್ರು ನಿಮ್ಮಮ್ಮ."

ಆರುಮುಗಂ ನಕ್ಕ. ನಗುತ್ತ ಕಣ್ಣೊರೆಸಿಕೊಂಡ.

*

ಮೊರ ಬುಟ್ಟಿ ಹೆಣೆಯುವ ಮೇದರ ಮುತ್ಯಾಲಮ್ಮ ವಾರಕ್ಕೊಮ್ಮೆ ಬಂದು ಬೀದಿಯ ಬೇವಿನ ಮರದಡಿ ಬಿದಿರು ಸೀಳುತ್ತ ಕೂರುತ್ತಿದ್ದಳು. ಅವಳ ಬುಟ್ಟಿ ಎಲ್ಲರ ಅಡುಗೆಮನೆಯೊಳಗೂ ಹೋಗುತ್ತಿತ್ತು. ಅವಳು ಯಾರ ಜಗಲಿಯನ್ನೂ ಹತ್ತುವಂತಿರಲಿಲ್ಲ. ನೀರು ಕೇಳಿದರೆ ಮೇಲಿಂದ ಬೊಗಸೆಗೆ ಸುರಿಯುತ್ತಿದ್ದರು. ರಾಜಾತಿ ಕುರ್ಚಿಯನ್ನು ಬೀದಿಗೆ ಇಳಿಸಿ ಅವಳ ಮುಂದಿಟ್ಟಳು.

ಮುತ್ಯಾಲಮ್ಮ ಬೆರಳು ಸವರಿ, ನಾಲಗೆಗೆ ಮುಟ್ಟಿಸಿ, ಉಗಿದಳು.

"ಯಾವ ಪುಣ್ಯಾತ್ಮ ಇದಕ್ಕೆ ಊಟ ಇಕ್ಕಿದ್ದು?"

ಆರುಮುಗಂ ಬೇವಿನ ಮರದ ತುದಿ ನೋಡತೊಡಗಿದ.

"ಅಯ್ಯಾ, ಬೆತ್ತ ಕಾಡಲ್ಲಿ ನೀರಿನ ಪಕ್ಕ ಹುಟ್ಟಿದ ಬಳ್ಳಿ. ಅದಕ್ಕೆ ದಾಹ ಐತೆ, ಹಸಿವಿಲ್ಲ."

"ಜೋತಿತ್ತು, ಬಿಗಿಯಾಗ್ಲಿ ಅಂತ..."

"ಜೋತ್ರೆ ಅಡಿಯಿಂದ ನೀರು ಚಿಮುಕ್ಸಿ ನೆರಳಾಗಿಡು. ಒಣಗ್ತಾ ಒಣಗ್ತಾ ತಾನೇ ಬಿಗೀತದೆ. ಉರಿಬಿಸಿಲು ತೋರಿಸ್ಬ್ಯಾಡ, ಸೀಳ್ತದೆ."

ಅವಳು ಬಿಸಿನೀರಿಗೆ ಉಪ್ಪು ಹಾಕಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ ಗಂಜಿಯೆಲ್ಲ ಬಿಡಿಸಿದಳು. ಕುರ್ಚಿ ನೆರಳಿಗೆ ಒಣಗಿತು. ಮುಂದಿನ ಸಲ ಬಂದಾಗ ಬೆತ್ತ ನೆನೆಸಿ ತಂದು, ತೂತಿನ ಜಾಗವನ್ನು ಹೆಣೆದಳು. ಹೊಸ ಹೆಣಿಗೆ ಹಳೆಯ ಜೇನುಬಣ್ಣದ ನಡುವೆ ಬೆಳ್ಳಗೆ ಕಂಡಿತು. ಮುಗಿದೊಡನೆ ಅವಳು ಕೈ ಕೊಡವಿಕೊಂಡು, ಯಾರನ್ನೂ ಕೇಳದೆ, ನಡುಬೀದಿಯಲ್ಲಿ ಆ ಕುರ್ಚಿಯ ಮೇಲೆ ಭಾರ ಬಿಟ್ಟು ಕೂತಳು.

ಆರುಮುಗಂ ಬೀದಿಯ ಆ ತುದಿ ಈ ತುದಿ ನೋಡಿದ. ಎದುರಿನ ಲಕ್ಷ್ಮಕ್ಕನ ಕೈಯ ಪೊರಕೆ ನಿಂತುಹೋಗಿತ್ತು.

"ಏನಯ್ಯಾ ಅಂಗ್ ನೋಡ್ತೀಯ? ಕೂತು ನೋಡ್ದೆ ನಾನು ಯಾರ್ಗೂ ಕೆಲ್ಸ ಒಪ್ಸಲ್ಲ. ನಾ ಕೂತ್ರೆ ಮುರೀದಿದ್ರೆ ಅಮ್ಮ ಕೂತ್ರೂ ಮುರಿಯಲ್ಲ." ಎರಡು ಸಲ ಎದ್ದು ಕೂತು ಮಾಡಿದಳು. "ಊಂ. ಗಟ್ಟಿ ಐತೆ. ಒಯ್ಯಿ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ರಂಗನಾಯಕಿ ಅಂದಳು, "ರಾಜಾತಿ, ಮಜ್ಜಿಗೆ ಕೊಡವ್ವ ಅವಳ್ಗೆ. ಚೊಂಬಲ್ಲೇ ಕೊಡು."

ಚೊಂಬು ಮುತ್ಯಾಲಮ್ಮನ ಕೈಗೆ ಹೋಗಿ, ಮತ್ತೆ ಒಳಗೆ ಬಂತು. ಯಾವ ಆಕಾಶವೂ ಕಳಚಿ ಬೀಳಲಿಲ್ಲ.

*

ದೀಪಾವಳಿಯ ಸೀರೆಗಳ ಹೊತ್ತಿಗೆ ಮೊದಲಾಳಿ ಕುಪ್ಪುಸ್ವಾಮಿ ಮಗ್ಗಗಳನ್ನು ನೋಡಲು ಹೊರಟ. ಬೀದಿಯ ತುದಿಯಲ್ಲಿ ಅವನ ಕೊಡೆ ಕಂಡದ್ದೇ ಜಗಲಿಗಳೆಲ್ಲ ಖಾಲಿಯಾಗಿ, ಜನ ಎದ್ದು ನಿಂತರು. ರಂಗನಾಯಕಿ ರಾಟೆ ನಿಲ್ಲಿಸಿದಳು.

ಆರುಮುಗಂ ಟವೆಲಿನಲ್ಲಿ ಜಗಲಿ ಒರೆಸಿ ಜಮಖಾನ ಹಾಸಿದ. ಕುಪ್ಪುಸ್ವಾಮಿ ಮೆಟ್ಟಿಲು ಹತ್ತಿ ಬಂದು ಜಮಖಾನ ನೋಡಲಿಲ್ಲ. ಕುರ್ಚಿ ನೋಡಿದ.

"ಪರವಾಗಿಲ್ವೇ ಆರುಮುಗಂ. ಕುರ್ಚಿ ಗಿರ್ಚಿ ಎಲ್ಲಾ ಬಂದ್ಬುಟ್ಟೈತೆ."

ಅಷ್ಟೇ ಅಂದು, ಕೊಡೆ ಮಡಚಿ, ಕುರ್ಚಿಯ ಮುಂದೆ ನಿಂತು ಕಾದ. ಅವನು ಮತ್ತೇನೂ ಹೇಳಬೇಕಿರಲಿಲ್ಲ.

ರಂಗನಾಯಕಿ ಆಗಲೇ ಕುರ್ಚಿಯ ಕೈಗಳ ಮೇಲೆ ಎರಡೂ ಅಂಗೈ ಊರಿದ್ದಳು. ಬಾಯಲ್ಲಿ ಶುರುವಾಗಿತ್ತು: "ಕ್ಷಮ್ಸಿ, ಒಂಚೂರು ಇರಿ, ಕ್ಷಮ್ಸಿ..."

ಪಳನಿಯಪ್ಪನ್ ಅಪ್ಪನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಅಪ್ಪಾ, ಮೇದರೋಳು ಕೂತ ಕುರ್ಚಿ ಅಂದ್ಬುಡು. ಅವರೇ ಬ್ಯಾಡ ಅಂತಾರೆ. ಜಗಳ ಇಲ್ಲ, ತಂಟೆ ಇಲ್ಲ."

ಎಂಥ ಸುಲಭದ ದಾರಿ! ಸುಳ್ಳೂ ಅಲ್ಲ. ಮಾತು ಆರುಮುಗಂನ ನಾಲಗೆಯ ತುದಿಗೆ ಬಂತು. ಬಾಯಿ ತೆರೆದ. ಕಣ್ಣು ಬೇವಿನ ಮರದ ಕಡೆ ಹೋಯಿತು. ಅಲ್ಲಿ ಮುತ್ಯಾಲಮ್ಮನ ಕತ್ತಿ ಬಿದಿರಿನ ನಡುವೆ ನಿಂತಿತ್ತು. ಅವಳು ಇತ್ತಲೇ ನೋಡುತ್ತಿದ್ದಳು. ಅವನು ಏನನ್ನಲಿರುವನು ಎಂಬುದು ಅವಳಿಗೆ ಗೊತ್ತಿದ್ದಂತಿತ್ತು. ಇಂಥ ಮಾತುಗಳನ್ನು ಕೇಳಿ ಕೇಳಿ ಸವೆದ ಮುಖ ಅದು.

ಆರುಮುಗಂ ಬಾಯಿ ಮುಚ್ಚಿದ. ಹೆಂಡತಿಯ ಬಳಿ ಹೋಗಿ ದಿನವೂ ಎಬ್ಬಿಸುವ ಹಾಗೆ ಬಗ್ಗಿದ. ಎಲ್ಲರೂ ಎಬ್ಬಿಸುತ್ತಾನೆ ಎಂದೇ ತಿಳಿದರು. ರಂಗನಾಯಕಿಯೂ ಹಾಗೇ ತಿಳಿದು ಕತ್ತು ಮುಂದೆ ಮಾಡಿದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದ.

"ಕೂತ್ಕ."

"ಮೊದಲಾಳಿ ನಿಂತವ್ರೆ..."

"ಕೂತ್ಕಳೇ ರಂಗಿ." ಆಮೇಲೆ ತಿರುಗಿದ. "ಮೊದಲಾಳೀ, ಅವಳ್ಗೆ ಕಾಲಾಗಲ್ಲ. ಕುರ್ಚಿ ಅವಳ್ದು. ನಿಮ್ಗೆ ಜಮಖಾನ ಹಾಸೀನಿ, ಕೂತ್ಕಳಿ."

"ಹೆಂಗಸು ಕುರ್ಚಿ ಮ್ಯಾಲೆ, ನಾನು ನೆಲದ್ ಮ್ಯಾಲಾ?"

"ನಾನೂ ನೆಲದ್ ಮ್ಯಾಲೇ ಕೂರೋದು ಸ್ವಾಮಿ. ಏನೂ ಆಗಿಲ್ಲ ನಂಗೆ."

ಎದುರಿನ ಜಗಲಿಯಲ್ಲಿ ಯಾರೋ ಕೆಮ್ಮಿದರು. ಅದು ನಗೆಯನ್ನು ನುಂಗಿದ ಕೆಮ್ಮು. ರಾಜಾತಿ ನೀರುಮಜ್ಜಿಗೆಯ ಲೋಟ ಹಿಡಿದು ಬಂದಳು: "ದಣಿದಿದೀರ, ಕುಡೀರಿ ಮೊದಲಾಳಿ."

ಕುಪ್ಪುಸ್ವಾಮಿ ಕುಡಿಯಲಿಲ್ಲ. ಮಗ್ಗ ನೋಡಲಿಲ್ಲ. ಕೊಡೆ ಬಿಚ್ಚಿ ಇಳಿದುಹೋದ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

*

ಅವನು ಕೆಲಸ ತಪ್ಪಿಸಲಿಲ್ಲ. ಹಬ್ಬ ಹತ್ತಿರವಿತ್ತು, ಅಂಥ ಅಂಚು ನೇಯುವ ಕೈ ಇನ್ನೊಂದಿರಲಿಲ್ಲ. ಕೊಟ್ಟ ನೂಲು ಮಾತ್ರ ಮುಗ್ಗಿದ್ದು, ಎಳೆದರೆ ಹರಿಯುವಂಥದ್ದು.

ಪಳನಿಯಪ್ಪನ್ ನೂಲಿನ ಲಡಿಯನ್ನು ನಡುಮನೆಗೆ ಎಸೆದ. "ನೋಡಪ್ಪ ನಿನ್ ಕುರ್ಚಿ ಕೊಟ್ಟ ಬಹುಮಾನ! ಇದ್ರಾಗೆ ಸೀರೆ ನೇಯೋದಾ, ಬಲೆ ನೇಯೋದಾ? ಒಂದು ಮಾತು ಹೇಳ್ಕೊಟ್ಟೆ, ಅದನ್ನಾಡಿದ್ರೆ ಗಂಟು ಹೋಗ್ತಿತ್ತಾ?"

"ಹೋಗ್ತಿತ್ತು," ಅಂದ ಆರುಮುಗಂ.

"ಏನು ಹೋಗ್ತಿತ್ತು?"

"ಆ ಕುರ್ಚಿ ಹೆಣೆದೋಳು ಎದುರ್ಗೇ ಕೂತಿದ್ಲು ಕಣ್ಲಾ," ಎಂದ ಅಪ್ಪ.

ಜಗಲಿಯಿಂದ ರಂಗನಾಯಕಿ ಕೂಗಿದಳು: "ಜಗಳ ಆಮ್ಯಾಕೆ ಆಡುವ್ರಿ. ಆ ಲಡಿ ಇಲ್ಲಿ ತಾರೋ ಪಳನಿ. ಬೆಳಕಾಗೆ ನೋಡಾನ."

ಬೆಳಗ್ಗೆಯಿಂದ ಬೆಳಕಿರುವವರೆಗೆ ಅವಳು ಆ ನೂಲಿನ ಮುಂದೆ ಕೂತಳು. ಮುಗ್ಗಿದ ಎಳೆಯನ್ನು ಬೆರಳಲ್ಲೇ ಗುರುತಿಸಿ ಕತ್ತರಿಸಿದಳು, ತುದಿಗೆ ತುದಿ ಹೊಸೆದಳು, ರಾಟೆಗೆ ಕೊಟ್ಟಳು. ಕತ್ತಲ ಕೋಣೆಯಲ್ಲಿ ಮಲಗಿದ್ದರೆ ಆ ಕೈಗಳೂ ಮಲಗಿರುತ್ತಿದ್ದವು. ರಾಜಾತಿ ಕುರ್ಚಿಯ ಬಳಿಗೇ ಗಂಜಿ ತಂದು ಕುಡಿಸಿದಳು. ಆರಂಭದಲ್ಲಿ ಮುಖ ಊದಿಸಿಕೊಂಡಿದ್ದ ಪಳನಿಯಪ್ಪನ್, ಆಮೇಲೆ ಅಮ್ಮ ನೂಲು ಸುತ್ತಿಟ್ಟ ಕಂಡಿಕೆಗಳನ್ನು ತಾನೇ ಬಂದು ಒಯ್ಯತೊಡಗಿದ.

"ಎಲ್ಲಿ ಹರಿದಿತ್ತು ಅಂತಾನೇ ಗೊತ್ತಾಗಲ್ಲವಲ್ಲವ್ವ," ಅಂದ ಒಂದು ದಿನ, ಬೆಳಕಿಗೆ ಹಿಡಿದು ನೋಡುತ್ತ.

"ನಿನ್ ಚಡ್ಡಿ ಎಲ್ಲ ಯಾರು ಹೊಲಿದಿದ್ದು ಅಂತ ತಿಳ್ಕಂಡಿದ್ದೆ?"

ಹಬ್ಬಕ್ಕೆ ಮುಂಚೆ ಸೀರೆಗಳು ಮೊದಲಾಳಿಯ ಮನೆ ಸೇರಿದವು. ಕುಪ್ಪುಸ್ವಾಮಿ ಮಡಿಕೆ ಬಿಚ್ಚಿಸಿ, ಬೆಳಕಿಗೆ ಹಿಡಿಸಿ, ತಿರುಗಿಸಿ ಮುರುಗಿಸಿ ನೋಡಿದ. ತಪ್ಪು ಸಿಗಲಿಲ್ಲ. ಸಿಗದ ಸಿಟ್ಟಿಗೆ ಎದ್ದು ಒಳಗೆ ಹೋದ.

*

ಲಕ್ಷ್ಮಕ್ಕ ಬಂದದ್ದು ಹಬ್ಬ ಕಳೆದ ಮೇಲೆ, ಮಧ್ಯಾಹ್ನ, ಗಂಡಸರೆಲ್ಲ ಮಗ್ಗಕ್ಕಿಳಿದ ಹೊತ್ತಿನಲ್ಲಿ. ಮುತ್ಯಾಲಮ್ಮ ಅವತ್ತು ಬೇವಿನಡಿಯಲ್ಲಿರಲಿಲ್ಲ. ತುಂತುರು ಮಳೆಯಿತ್ತು, ರಂಗನಾಯಕಿ ಕರೆದು ಜಗಲಿಯ ಮೇಲೆ ಕೂರಿಸಿಕೊಂಡಿದ್ದಳು. ಲಕ್ಷ್ಮಕ್ಕ ಅದನ್ನು ಕಂಡು ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಹತ್ತಿ ಬಂದಳು.

"ಒಂದ್ಸಲ ಕೂತ್ ನೋಡ್ಲಾ ರಂಗಿ?"

ರಾಜಾತಿ ಅತ್ತೆಯನ್ನು ಎಬ್ಬಿಸಿ ಹಿಡಿದು ನಿಂತಳು. ಲಕ್ಷ್ಮಕ್ಕ ಕೂತಳು. ಬೀದಿ ನೋಡಿದಳು. ತನ್ನ ಮನೆಯನ್ನೇ ಹೊಸದಾಗಿ ಕಂಡವಳಂತೆ ನೋಡಿದಳು. ಎದ್ದು, ಸೊಂಟದ ಗಂಟಿನಿಂದ ಒಂದು ನೂಲೆಳೆ ತೆಗೆದು ಮುತ್ಯಾಲಮ್ಮನ ಮುಂದಿಟ್ಟಳು. ಅದರಲ್ಲೊಂದು ಗಂಟಿತ್ತು.

"ನಮ್ಮತ್ತೇದು. ಬೆತ್ತ ದುಬಾರಿಯಾದ್ರೆ ಬಿದಿರಿಂದೇ ಆಗ್ಲಿ. ಮುಂಗಡಕ್ಕೆ ರಾಗಿ ಕೊಡ್ತೀನಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ತಾಯಿಯದೆಂದು ತಂದಳು. ಮುಸ್ಸಂಜೆಯ ಹೊತ್ತಿಗೆ ಕುರ್ಚಿಯ ಕೈಗೆ ಎಳೆಗಳ ಒಂದು ಗೊಂಚಲೇ ತೂಗುತ್ತಿತ್ತು. ಆ ಬೀದಿಯ ಮುದಿ ಮೊಣಕಾಲುಗಳೆಲ್ಲ ಅಲ್ಲಿ ನೇತಾಡುತ್ತಿದ್ದವು. ಎಷ್ಟು ಜನ ಹೀಗೆ ಒಳಕೋಣೆಗಳ ಕತ್ತಲಲ್ಲಿ "ಕ್ಷಮ್ಸಿ" ಅನ್ನುತ್ತ ಬಿದ್ದಿದ್ದರೋ, ಬೀದಿಗೇ ಲೆಕ್ಕವಿರಲಿಲ್ಲ.

ಮಗ್ಗ ನಿಲ್ಲಿಸಿ ಆರುಮುಗಂ ಹೊರಗೆ ಬಂದ. ಕೈಯಲ್ಲಿ ಬಟ್ಟಲು ನೀರು. ಕುರ್ಚಿಯ ಅಡಿಗೆ ಬಗ್ಗಿ, ಹೆಣಿಗೆಯ ಕೆಳಗಿನಿಂದ ಬೆರಳಲ್ಲಿ ನೀರು ಚಿಮುಕಿಸಿದ. ಅದು ಈಗ ಅವನ ನಿತ್ಯದ ಪೂಜೆ. ಏಳುವಾಗ ಅವನ ಮೊಣಕಾಲೂ ಲಟ್ ಅಂದಿತು. ಅವನು ಗೊಂಚಲನ್ನು ನೋಡಿದ, ರಾಜಾತಿಯನ್ನು ನೋಡಿದ. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಒಂದು ಎಳೆ ತೆಗೆದು, ಏನೂ ಆಗದವನಂತೆ ಮುತ್ಯಾಲಮ್ಮನ ಕಡೆ ಚಾಚಿದ.

"ಇದ್ಯಾರ್ದಯ್ಯಾ?"

"ಯಾರ್ದಾದ್ರೇನು? ಅಳತೆ ತಗ."

ರಾಜಾತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ರಂಗನಾಯಕಿ ಗಂಡನ ಎಳೆಯನ್ನು ಇಸಿದುಕೊಂಡು, ಮೆಟ್ಟೂರಿಗೆ ಹೋಗಿಬಂದ ತನ್ನ ಎಳೆಯನ್ನು ಸೆರಗಿನಿಂದ ಬಿಚ್ಚಿ ಪಕ್ಕಕ್ಕೆ ಹಿಡಿದು ನೋಡಿದಳು. ಹೆಚ್ಚುಕಡಿಮೆ ಒಂದೇ. ಅವಳು ಮುತ್ಯಾಲಮ್ಮನಿಗೆ ಮೆಲ್ಲಗೆ ಅಂದಳು, "ಅವರ್ದು ಒಂದು ಬೆರಳು ಎತ್ತರ ಇರ್ಲಿ ಕಣೆ."

ಆರುಮುಗಂಗೆ ಕೇಳಿಸಿತು.

"ಬ್ಯಾಡ," ಅಂದ. "ಸಮ ಇರ್ಲಿ."

ಮುತ್ಯಾಲಮ್ಮ ಎರಡೂ ಎಳೆಗಳನ್ನು ಒಟ್ಟಿಗೆ ಹಿಡಿದಳು. ಬುಡವನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿ ಮೇಲಕ್ಕೆ ಬಿಗಿಯಾಗಿ ಎಳೆದು, ಮೊದಲಿದ್ದ ಗಂಟುಗಳನ್ನು ಬಿಚ್ಚಿ, ಎರಡಕ್ಕೂ ಸೇರಿಸಿ ಒಂದೇ ಗಂಟು ಹಾಕಿದಳು.